ಸಹಿ ಹಾಕಿಸಿಕೊಂಡರೆ ಸುರಕ್ಷತಾ ತರಬೇತಿ ಆದಂತೆಯೇ?

ಪ್ಯಾಕಿಂಗ್ ವಿಭಾಗ
ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ನನ್ನನ್ನು ಪ್ಯಾಕಿಂಗ್ ಲೈನಿಗೆ ಸೂಪರ್‌ವೈಸರ್ ಮಾಡಿದ್ದಾರೆ. ಅದಕ್ಕೂ ಮೊದಲು ಅದೇ ಲೈನಿನಲ್ಲಿ ಕೆಲಸಗಾರನಾಗಿದ್ದೆ. ಹೊಸದಾಗಿ ಸೇರಿದವರಿಗೆ ನಮ್ಮಲ್ಲಿ ಒಂದು ವಿಡಿಯೊ ತೋರಿಸಿ, ಹಾಜರಿ ಹಾಳೆಗೆ ಸಹಿ ಹಾಕಿಸಿಕೊಂಡು, ಮೂಲ ಸುರಕ್ಷತಾ ತರಬೇತಿ ಮುಗಿಯಿತು ಎನ್ನುತ್ತಾರೆ. ಮೊನ್ನೆ ಹೀಗೆ ತರಬೇತಿ ‘ಮುಗಿಸಿದ’ ಹುಡುಗನೊಬ್ಬ ಕನ್ವೇಯರ್ ಓಡುತ್ತಿರುವಾಗಲೇ ರೋಲರ್ ಹತ್ತಿರ ಸಿಕ್ಕಿಕೊಂಡಿದ್ದ ರಟ್ಟಿನ ಪೆಟ್ಟಿಗೆ ಎಳೆಯಲು ಕೈ ಹಾಕಿದ. ಪಕ್ಕದವನು ಬದಿಯ ಕೆಂಪು ಹಗ್ಗ ಜಗ್ಗಿ ಲೈನ್ ನಿಲ್ಲಿಸಿದ. ಅಂಗಿಯ ತೋಳು ಹರಿಯಿತು, ಕೈ ಉಳಿಯಿತು.

ಕರೆದು ಕೇಳಿದರೆ, ‘ವಿಡಿಯೊದಲ್ಲಿ ಇದ್ದದ್ದು ಬೇರೆ ಯಂತ್ರ ಸರ್. ಈ ಹಗ್ಗ ಯಾತಕ್ಕೆ ಎಂದು ಯಾರೂ ಹೇಳಲಿಲ್ಲ’ ಎಂದ. ಮೇಲಿನವರಿಗೆ ತಿಳಿಸಿದೆ. ‘ಅವನ ಸಹಿ ಇದೆಯಲ್ಲ, ಬಿಡಿ’ ಎಂಬ ಉತ್ತರ ಬಂತು.

ನನ್ನ ಪ್ರಶ್ನೆ ಎರಡು. ಮೂಲ ತರಬೇತಿ ಎಂದರೆ ಅದರಲ್ಲಿ ನಿಜವಾಗಿ ಏನೇನು ಇರಬೇಕು? ಸೂಪರ್‌ವೈಸರ್‌ಗಳಿಗೆ ಬೇರೆಯದೇ ತರಬೇತಿ ಬೇಕೇ? ನನಗೆ ಬಡ್ತಿ ಕೊಟ್ಟಾಗ ಒಂದು ವಾಕಿಟಾಕಿ ಮತ್ತು ಪಾಳಿ ಪುಸ್ತಕ ಕೊಟ್ಟರು, ಅಷ್ಟೇ.

ಮೂರನೇ ಪಾಳಿ
ವಾಕಿಟಾಕಿಯಾದರೂ ಕೊಟ್ಟರಲ್ಲ. ನನಗೆ ಬೈಗುಳ ಮಾತ್ರ ಸಿಕ್ಕಿತ್ತು.

ತರಬೇತಿ ಮೇಡಂ
ಒಳ್ಳೆಯ ಪ್ರಶ್ನೆ. ನಾನು ತರಬೇತಿ ಕೊಡುವವಳು. ವಿಡಿಯೊ ಬೇಡ ಎನ್ನುವುದಿಲ್ಲ, ಆದರೆ ಅದು ಪೀಠಿಕೆ ಮಾತ್ರ.

ಕೆಲಸಗಾರನಿಗೆ ಮೊದಲ ದಿನವೇ ಗೊತ್ತಾಗಬೇಕಾದದ್ದು: ಅವನು ನಿಲ್ಲುವ ಜಾಗದಲ್ಲಿ ಏನು ಕಚ್ಚುತ್ತದೆ, ಏನು ಸುಡುತ್ತದೆ, ಏನು ಮೇಲಿನಿಂದ ಬೀಳುತ್ತದೆ. ಯಂತ್ರ ನಿಲ್ಲಿಸುವ ಗುಂಡಿ ಎಲ್ಲಿದೆ, ಹೊರಗೆ ಓಡುವ ದಾರಿ ಯಾವುದು, ಪ್ರಥಮ ಚಿಕಿತ್ಸೆ ಯಾರಿಗೆ ಬರುತ್ತದೆ. ತೊಂದರೆ ಕಂಡರೆ ಯಾರಿಗೆ ಹೇಳಬೇಕು, ಆ ಮನುಷ್ಯ ರಜೆಯಲ್ಲಿದ್ದರೆ ಇನ್ಯಾರಿಗೆ. ಇವೆಲ್ಲ ತರಗತಿಯಲ್ಲಿ ಕುಳಿತು ಹೇಳುವ ವಿಷಯಗಳಲ್ಲ, ಯಂತ್ರದ ಪಕ್ಕ ನಿಂತು ಬೆರಳು ಮಾಡಿ ತೋರಿಸುವ ವಿಷಯಗಳು.

ಜೊತೆಗೆ ಹಕ್ಕುಗಳು. ಇದನ್ನು ಮಾತ್ರ ಎಲ್ಲರೂ ಹಾರಿಸಿಬಿಡುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ ಸ್ಪಷ್ಟವಾಗಿ ಹೇಳುತ್ತದೆ: ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ತಕ್ಷಣದ, ಗಂಭೀರ ಅಪಾಯವಿದೆ ಎಂದು ನಂಬಲು ಸಕಾರಣವಿದ್ದು ಕೆಲಸದಿಂದ ಹಿಂದೆ ಸರಿದವನಿಗೆ ಅದರಿಂದ ಅನುಚಿತ ಪರಿಣಾಮ ಆಗಬಾರದು. ಅವನು ಅದನ್ನು ಕೂಡಲೇ ತನ್ನ ನೇರ ಮೇಲ್ವಿಚಾರಕನಿಗೆ ತಿಳಿಸಬೇಕು. ಅಪಾಯ ಹಾಗೆಯೇ ಇರುವಾಗ, ಮಾಲೀಕರು ಸರಿಪಡಿಸುವ ಕ್ರಮ ಕೈಗೊಳ್ಳುವವರೆಗೆ ಅವನನ್ನು ಅಲ್ಲಿಗೆ ಮತ್ತೆ ಕಳುಹಿಸುವಂತಿಲ್ಲ. ಸುರಕ್ಷತಾ ಕ್ರಮಗಳ ಖರ್ಚನ್ನು ಕೆಲಸಗಾರನ ಮೇಲೆ ಹೊರಿಸಬಾರದು ಎಂಬುದೂ ಅದರಲ್ಲೇ ಇದೆ. 2022ರ ಜೂನ್‌ನಲ್ಲಿ ಈ ಒಡಂಬಡಿಕೆಯನ್ನು 2006ರ 187ನೆಯದರ ಜೊತೆ ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿಸಿದರು.

‘ನೇರ ಮೇಲ್ವಿಚಾರಕನಿಗೆ’ ಎಂಬುದನ್ನು ಗಮನಿಸಿ. ದೂರು ಮೊದಲು ಬರುವುದು ನಿಮ್ಮ ಹತ್ತಿರ. ಬಂದಾಗ ಏನು ಮಾಡಬೇಕು ಎಂಬುದು ನಿಮಗೇ ಗೊತ್ತಿಲ್ಲದಿದ್ದರೆ ಅವನಿಗೆ ಕಲಿಸಿ ಏನು ಬಂತು? ಎರಡನೇ ಪ್ರಶ್ನೆಗೆ ನನ್ನ ಉತ್ತರ ಹೌದು, ಬೇರೆಯದೇ ತರಬೇತಿ ಬೇಕು.

ಗುತ್ತಿಗೆಯವನು
ಮೇಡಂ, ಒಡಂಬಡಿಕೆ ಚೆನ್ನಾಗಿದೆ. ನಾನು ಇವತ್ತು ‘ಈ ಕೆಲಸ ಅಪಾಯಕಾರಿ, ಮಾಡುವುದಿಲ್ಲ’ ಎಂದರೆ ನಾಳೆ ಗೇಟಿನಲ್ಲಿ ನನ್ನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಕಾರಣ ಯಾರೂ ಬರೆಯುವುದಿಲ್ಲ. ‘ಈ ವಾರ ಕೆಲಸ ಕಡಿಮೆ’ ಎನ್ನುತ್ತಾರೆ. ಎತ್ತರದ ಕೆಲಸಕ್ಕೆ, ಕೊಳಕು ಕೆಲಸಕ್ಕೆ ಮೊದಲು ಕರೆಯುವುದು ನಮ್ಮನ್ನು, ತರಬೇತಿಗೆ ಕೊನೆಯಲ್ಲಿ ಕರೆಯುವುದೂ ನಮ್ಮನ್ನೇ.

ಟಾರ್ಗೆಟ್ ಮುಖ್ಯ
ಎಲ್ಲರೂ ಹಕ್ಕಿನ ಮಾತೇ ಆಡುತ್ತಿದ್ದೀರಿ. ನಾನು ಉತ್ಪಾದನೆ ನೋಡಿಕೊಳ್ಳುವವನು. ಗ್ಲೌಸ್ ಕೊಟ್ಟರೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಹೆಲ್ಮೆಟ್ ಕೊಟ್ಟರೆ ಅದರ ಮೇಲೆ ಕುಳಿತು ಹರಟುತ್ತಾರೆ. ಅಪಘಾತಗಳಲ್ಲಿ ಶೇಕಡ 88 ಕೆಲಸಗಾರನ ಅಜಾಗರೂಕತೆಯಿಂದಲೇ ಆಗುತ್ತವೆ ಎಂದು ಲೆಕ್ಕವೇ ಇದೆ. ಕನ್ವೇಯರ್‌ಗೆ ಕೈ ಹಾಕಬಾರದು ಎನ್ನಲು ತರಬೇತಿ ಬೇಕೇ? ಸಾಮಾನ್ಯ ಜ್ಞಾನ ಸಾಕು.

ಹಳೇ ಫೋರ್‌ಮನ್
ಆ 88ರ ಕಥೆಯನ್ನು ಸ್ವಲ್ಪ ಕೇಳಿ. ಅದು ಅಮೆರಿಕದ ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ಹೈನ್ರಿಚ್ ಎಂಬಾತನದು. 1931ರ ಪುಸ್ತಕದಿಂದ ಪ್ರಸಿದ್ಧವಾಯಿತು. ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, 300 ಗಾಯವಿಲ್ಲದ ಘಟನೆ ಎಂಬ ತ್ರಿಕೋನವೂ ಅವನದೇ. ಅವನು ಲೆಕ್ಕ ಹಾಕಿದ್ದು ವಿಮೆಯ ಕಡತ ಮತ್ತು ಕಾರ್ಖಾನೆಯ ವರದಿಗಳನ್ನು ಇಟ್ಟುಕೊಂಡು. ಆ ವರದಿಗಳನ್ನು ಬರೆಯುತ್ತಿದ್ದವರು ಬಹುಪಾಲು ಮೇಲ್ವಿಚಾರಕರು. ಕೈ ಕಳೆದುಕೊಂಡವನ ಬಗ್ಗೆ ಮೇಲ್ವಿಚಾರಕ ಬರೆಯುವ ವರದಿಯಲ್ಲಿ ತಪ್ಪು ಯಾರದೆಂದು ಬರುತ್ತದೆ, ನೀವೇ ಹೇಳಿ. ಅವನ ಮೂಲ ದಾಖಲೆಗಳು ಉಳಿದಿಲ್ಲ, ಆ ಅಂಕಿಯನ್ನು ಮರುಪರಿಶೀಲಿಸಲು ಆಗುವುದಿಲ್ಲ ಎಂದು ಸುರಕ್ಷತಾ ಕ್ಷೇತ್ರದವರೇ ಬಹಳ ಕಾಲದಿಂದ ಆಕ್ಷೇಪಿಸಿದ್ದಾರೆ. ನಾನು ಕಂಡ ಮಟ್ಟಿಗೆ ಅಜಾಗರೂಕತೆ ಎಂಬುದು ತನಿಖೆ ಮುಗಿಸುವ ಸುಲಭ ದಾರಿ.

ಕನ್ವೇಯರ್ ವಿಷಯಕ್ಕೆ ಬರೋಣ. ರೋಲರ್‌ಗೆ ಕವಚ ಇದ್ದಿದ್ದರೆ ಆ ಹುಡುಗನ ಕೈ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಅಪಾಯವನ್ನೇ ತೆಗೆದುಹಾಕು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತಾ, ಅದೂ ಆಗದಿದ್ದರೆ ಕವಚ ಕಟ್ಟು, ಆಮೇಲೆ ನಿಯಮ ಮತ್ತು ತರಬೇತಿ, ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್ ಗ್ಲೌಸ್. ಈ ಕ್ರಮ ಎಲ್ಲ ಸುರಕ್ಷತಾ ಪಾಠಗಳಲ್ಲೂ ಇದೆ. ನಾವು ಅದನ್ನು ತಲೆಕೆಳಗಾಗಿ ಓದುತ್ತೇವೆ.

ಟಾರ್ಗೆಟ್ ಮುಖ್ಯ
ಕವಚ ಹಾಕಿದರೆ ಪ್ರತಿ ಸಲ ಪೆಟ್ಟಿಗೆ ಸಿಕ್ಕಿಕೊಂಡಾಗಲೂ ಬಿಚ್ಚಬೇಕು. ಲೈನ್ ನಿಂತರೆ ನನ್ನನ್ನು ಕೇಳುತ್ತಾರೆ, ನಿಮ್ಮನ್ನಲ್ಲ.

ಸ್ಪ್ಯಾನರ್
ಪೆಟ್ಟಿಗೆ ಪದೇ ಪದೇ ಸಿಕ್ಕಿಕೊಳ್ಳುತ್ತದೆ ಎಂದರೆ ಅದನ್ನು ನೇರ ಸಾಗಿಸುವ ಬದಿಪಟ್ಟಿ, ಅಂದರೆ ಗೈಡ್, ಸರಿಯಿಲ್ಲ ಸ್ವಾಮಿ. ಮೇಂಟೆನೆನ್ಸ್‌ಗೆ ಹೇಳಿ, ಸರಿಮಾಡುತ್ತೇವೆ. ಲೈನ್ ನಿಲ್ಲುವುದೂ ತಪ್ಪುತ್ತದೆ, ಕೈ ಹಾಕುವುದೂ ತಪ್ಪುತ್ತದೆ. ಇದನ್ನು ಹೇಳುವ ಒಬ್ಬ ಸೂಪರ್‌ವೈಸರ್ ಬೇಕು, ಅಷ್ಟೇ.

ಮೂಲ ತರಬೇತಿಯಲ್ಲಿ ಬೀಗದ ವಿಷಯ ಖಂಡಿತ ಇರಬೇಕು. ಯಂತ್ರದ ಒಳಗೆ ಕೈ ಹಾಕುವ ಮೊದಲು ಮುಖ್ಯ ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕಬೇಕು, ನನ್ನ ಹೆಸರಿನ ಚೀಟಿ ತೂಗುಹಾಕಬೇಕು, ಕೀಲಿ ನನ್ನ ಜೇಬಿನಲ್ಲೇ ಇರಬೇಕು. ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಆಮೇಲೆ ಬಹಳ ಜನ ಬಿಡುವ ಹೆಜ್ಜೆ: ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಸ್ಟಾರ್ಟ್ ಗುಂಡಿ ಒತ್ತಿ ನೋಡುವುದು. ತಪ್ಪು ಸ್ವಿಚ್‌ಗೆ ಬೀಗ ಹಾಕಿದ್ದರೆ ಆಗಲೇ ಗೊತ್ತಾಗುತ್ತದೆ. ಕರೆಂಟ್ ಹೋದರೂ ಯಂತ್ರ ಸತ್ತಿತು ಎನ್ನುವಂತಿಲ್ಲ. ಗಾಳಿಯ ಸಿಲಿಂಡರಿನಲ್ಲಿ ಒತ್ತಡ ಉಳಿದಿರುತ್ತದೆ, ಸ್ಪ್ರಿಂಗ್ ಬಿಗಿದಿರುತ್ತದೆ, ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಿರುತ್ತದೆ, ಎತ್ತಿದ ಭಾರ ಮೇಲೆಯೇ ಇರುತ್ತದೆ. ಅವನ್ನೆಲ್ಲ ಇಳಿಸಿದ ಮೇಲೆ ಸ್ಪ್ಯಾನರ್ ಹಿಡಿಯಬೇಕು.

ಲೆಕ್ಕದ ಮೇಜು
ನಮ್ಮದು ಕಚೇರಿ. ಯಂತ್ರ ಎಂದರೆ ಪ್ರಿಂಟರ್ ಮಾತ್ರ. ನಮಗೂ ಇದೆಲ್ಲ ಅನ್ವಯಿಸುತ್ತದೆಯೇ, ಅಥವಾ ಸುಮ್ಮನೆ ಓದಿಕೊಂಡು ಹೋಗಲೇ?

ಮೂರನೇ ಪಾಳಿ
@ಲೆಕ್ಕದ ಮೇಜು ಬೆನ್ನು ನೋವು ಇದೆಯೇ? ಇದ್ದರೆ ಅನ್ವಯಿಸುತ್ತದೆ.

ಲೆಕ್ಕದ ಮೇಜು
ಇದೆ. ಕುತ್ತಿಗೆಯೂ.

ತರಬೇತಿ ಮೇಡಂ
ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಲಿ, ಪಾದ ನೆಲಕ್ಕೆ ತಾಗಲಿ, ಆಗಾಗ ಎದ್ದು ಓಡಾಡಿ. ಲ್ಯಾಪ್‌ಟಾಪ್ ಆದರೆ ಬೇರೆ ಕೀಬೋರ್ಡ್ ಕೇಳಿ. ಇನ್ನೊಂದು ಮಾತು, ತುರ್ತು ಬಾಗಿಲಿನ ಮುಂದೆ ಹಳೆಯ ಕಡತದ ಪೆಟ್ಟಿಗೆಗಳನ್ನು ಪೇರಿಸುವುದು ಕಾರ್ಖಾನೆಗಿಂತ ಕಚೇರಿಯಲ್ಲೇ ಹೆಚ್ಚು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಜನ ಸತ್ತರು, ಬಹುಪಾಲು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಹೊರಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ನಿಮ್ಮ ಬಾಗಿಲನ್ನು ಇವತ್ತೇ ಒಮ್ಮೆ ತಳ್ಳಿ ನೋಡಿ.

ಲೆಕ್ಕದ ಮೇಜು
ಬಾಗಿಲು ತೆರೆದೇ ಇರುತ್ತದೆ ಮೇಡಂ. ಮುಚ್ಚಿಕೊಳ್ಳದಿರಲಿ ಎಂದು ಬೆಂಕಿ ಆರಿಸುವ ಸಿಲಿಂಡರನ್ನು ಅಡ್ಡ ಇಟ್ಟಿದ್ದಾರೆ.

ಮೂರನೇ ಪಾಳಿ
ಎಂಥ ಸದುಪಯೋಗ!

ರಸಾಯನಿ
ನಗಬೇಡಿ. ಬೆಂಕಿ ತಡೆಯುವ ಬಾಗಿಲಾಗಿದ್ದರೆ ಅದು ಮುಚ್ಚಿಯೇ ಇರಬೇಕು. ಹೊಗೆ ಮೆಟ್ಟಿಲಿಗೆ ನುಗ್ಗದಿರಲಿ ಎಂದು ಅದನ್ನು ಹಾಕುವುದು. ಒಂದೇ ಏಟಿಗೆ ಬಾಗಿಲೂ ಹೋಯಿತು, ಸಿಲಿಂಡರೂ ಹೋಯಿತು.

ಲೆಕ್ಕದ ಮೇಜು
ಸಿಲಿಂಡರ್ ಸರಿಯಾಗಿಯೇ ಇರಬೇಕು. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದ್ದರೆ ಸಾಕಲ್ಲವೇ? ಇದರಲ್ಲಿ ಮುಳ್ಳೇ ಕಾಣುತ್ತಿಲ್ಲ, ದೊಡ್ಡ ಕಪ್ಪು ಕೊಳವೆ ಇದೆ.

ರಸಾಯನಿ
ಕಪ್ಪು ಕೊಂಬಿನಂಥ ಕೊಳವೆ ಇದ್ದರೆ ಅದು ಕಾರ್ಬನ್ ಡೈಆಕ್ಸೈಡಿನದು. ಅದಕ್ಕೆ ಮುಳ್ಳು ಇರುವುದಿಲ್ಲ, ತೂಕ ಹಾಕಿಯೇ ಪರೀಕ್ಷಿಸಬೇಕು. ವಿದ್ಯುತ್ ಉಪಕರಣದ ಬೆಂಕಿಗೆ ಒಳ್ಳೆಯದು. ಬಳಸುವಾಗ ಆ ಕೊಂಬನ್ನು ಬರಿಗೈಯಲ್ಲಿ ಹಿಡಿಯಬೇಡಿ, ಅನಿಲ ಹೊರಬರುವಾಗ ವಿಪರೀತ ತಣ್ಣಗಾಗಿ ಚರ್ಮ ಸುಟ್ಟಂತಾಗುತ್ತದೆ. ಚಿಕ್ಕ ಕೋಣೆಯಲ್ಲಿ ಹಾರಿಸಿದರೆ ತಕ್ಷಣ ಹೊರಗೆ ಬನ್ನಿ, ಉಸಿರಾಡುವ ಗಾಳಿಯ ಜಾಗವನ್ನೇ ಅದು ಆಕ್ರಮಿಸುತ್ತದೆ.

ನನ್ನ ಕ್ಷೇತ್ರದ ಮಾತನ್ನೂ ಹೇಳಿಬಿಡುತ್ತೇನೆ. ಶುಚಿಗೊಳಿಸುವ ಕೆಲಸದವರಿಗೆ ಯಾರೂ ತರಬೇತಿ ಕೊಡುವುದಿಲ್ಲ. ಬ್ಲೀಚನ್ನು ಆಮ್ಲವಿರುವ ಶೌಚಾಲಯದ ದ್ರಾವಣದೊಂದಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಎರಡು ಹಾಕಿದರೆ ಎರಡು ಪಟ್ಟು ಶುಭ್ರವಾಗುತ್ತದೆ ಎಂದುಕೊಂಡು ಬೆರೆಸುತ್ತಾರೆ. ದೊಡ್ಡ ಡಬ್ಬಿಯಿಂದ ನೀರಿನ ಬಾಟಲಿಗೆ ಸುರಿದಿಟ್ಟು ಹೆಸರು ಬರೆಯದಿರುವುದು ಇನ್ನೊಂದು ಪಿಡುಗು. ರಾಸಾಯನಿಕಗಳ ಡಬ್ಬಿಯ ಮೇಲೆ ಕೆಂಪು ಚೌಕಟ್ಟಿನ ಚಿತ್ರಗಳಿರುತ್ತವೆ, ಒಟ್ಟು 9. ಅವನ್ನು ಗುರುತಿಸಲು ಕಲಿಸಿ. ಪ್ರತಿ ರಾಸಾಯನಿಕಕ್ಕೂ 16 ವಿಭಾಗಗಳ ಸುರಕ್ಷತಾ ಮಾಹಿತಿ ಪತ್ರ ಇರುತ್ತದೆ. ಎಲ್ಲವನ್ನೂ ಓದಿಸಬೇಕಿಲ್ಲ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಎಂಟನೆಯದು ಏನು ತೊಡಬೇಕು ಎಂಬುದು. ಅಷ್ಟು ತೋರಿಸಿದರೂ ಪುಣ್ಯ. ಕಣ್ಣಿಗೆ ಹಾರಿದರೆ ಕಡಿಮೆಯೆಂದರೂ 15 ನಿಮಿಷ ನೀರು ಬಿಡುತ್ತಲೇ ಇರಬೇಕು. ಎರಡು ಬೊಗಸೆ ಎರಚಿಕೊಂಡು ‘ಸರಿಹೋಯಿತು’ ಎನ್ನುವುದಲ್ಲ.

ವಾರ್ಡ್ ನರ್ಸ್
ರಸಾಯನಿ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಆಸ್ಪತ್ರೆಯೂ ಕೆಲಸದ ಜಾಗವೇ ಎಂಬುದನ್ನು ಜನ ಮರೆಯುತ್ತಾರೆ. ಬಳಸಿದ ಸೂಜಿಗೆ ಎರಡೂ ಕೈ ಬಳಸಿ ಮುಚ್ಚಳ ಹಾಕಬಾರದು, ನೇರವಾಗಿ ಸೂಜಿಯ ಡಬ್ಬಕ್ಕೆ ಹಾಕಬೇಕು, ಡಬ್ಬ ಮುಕ್ಕಾಲು ತುಂಬಿದರೆ ಬದಲಿಸಬೇಕು. ನಮ್ಮ ಹುಡುಗಿಯರಿಗೆ ಇದು ಬಾಯಿಪಾಠ. ಆದರೆ ಡಬ್ಬ ಹಾಸಿಗೆಯಿಂದ ದೂರದ ಮೂಲೆಯಲ್ಲಿದ್ದರೆ ಏನು ಮಾಡುತ್ತಾರೆ? ಸೂಜಿಯನ್ನು ತಟ್ಟೆಯಲ್ಲಿಟ್ಟು ಅಷ್ಟು ದೂರ ನಡೆಯುತ್ತಾರೆ. ಡಬ್ಬವನ್ನು ಹತ್ತಿರ ಇಡಿಸುವುದು ಮೇಲ್ವಿಚಾರಕಿಯ ಕೆಲಸ.

ಸೂಜಿ ಚುಚ್ಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ಮೇಲ್ವಿಚಾರಕಿ ಕಿರುಚುವವಳಾದರೆ ಆ ಹುಡುಗಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹೀಗಾಗಿ ಸೂಪರ್‌ವೈಸರ್ ತರಬೇತಿಯಲ್ಲಿ ಮೊದಲು ಕಲಿಸಬೇಕಾದದ್ದು ದೂರು ಬಂದಾಗ ಮುಖ ಹೇಗೆ ಇಟ್ಟುಕೊಳ್ಳಬೇಕು ಎಂಬುದು. ತಮಾಷೆಗೆ ಹೇಳುತ್ತಿಲ್ಲ.

ಹಳೇ ಫೋರ್‌ಮನ್
ನರ್ಸಮ್ಮನವರು ಸರಿಯಾದ ಜಾಗಕ್ಕೆ ಕೈ ಇಟ್ಟರು. ಅದರ ಜೊತೆಗೆ ಪಾಳಿ ಬದಲಾವಣೆಯನ್ನೂ ಸೇರಿಸುತ್ತೇನೆ. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯ ದುರಂತ ಕೇಳಿರಬಹುದು, 1988ರ ಜುಲೈ 6, 167 ಸಾವು. ಒಂದು ಪಂಪಿನ ಸುರಕ್ಷತಾ ಕವಾಟವನ್ನು ಹಗಲಿನಲ್ಲಿ ದುರಸ್ತಿಗೆಂದು ಬಿಚ್ಚಿ, ಆ ಜಾಗಕ್ಕೆ ಒಂದು ಮುಚ್ಚಳ ಕೂರಿಸಿದ್ದರು. ಕೆಲಸ ಮುಗಿದಿರಲಿಲ್ಲ. ರಾತ್ರಿ ಪಾಳಿಯವರಿಗೆ ಆ ವಿಷಯ ತಲುಪಲಿಲ್ಲ. ಇನ್ನೊಂದು ಪಂಪ್ ಕೈಕೊಟ್ಟಾಗ ಇದನ್ನು ಚಾಲೂ ಮಾಡಿದರು. ಅನಿಲ ಸೋರಿತು, ಸ್ಫೋಟವಾಯಿತು.

ಅಲ್ಲಿ ಕೆಲಸದ ಪರವಾನಗಿ ಪತ್ರದ ವ್ಯವಸ್ಥೆ ಇತ್ತು, ಸಹಿಗಳೂ ಇದ್ದವು. ಇಲ್ಲದ್ದು ಒಬ್ಬರ ಮುಖ ಒಬ್ಬರು ನೋಡಿ ‘ಆ ಪಂಪ್ ಮುಟ್ಟಬೇಡಿ, ಕವಾಟ ಇಲ್ಲ’ ಎನ್ನುವ ಮಾತು. ಪ್ಯಾಕಿಂಗ್ ವಿಭಾಗದವರೇ, ನಿಮಗೆ ಕೊಟ್ಟ ಪಾಳಿ ಪುಸ್ತಕ ಇರುವುದೇ ಇದಕ್ಕೆ. ಪುಸ್ತಕ ಬರೆದು ಮೇಜಿನ ಮೇಲಿಟ್ಟು ಹೋಗಬೇಡಿ. ಮುಂದಿನ ಪಾಳಿಯವನನ್ನು ಕರೆದುಕೊಂಡು ಲೈನ್ ಉದ್ದಕ್ಕೂ ನಡೆಯಿರಿ, ಅರ್ಧಕ್ಕೆ ನಿಂತ ಕೆಲಸ, ತೆಗೆದಿಟ್ಟ ಕವಚ, ಹಾಕಿರುವ ಬೀಗ, ಎಲ್ಲವನ್ನೂ ತೋರಿಸಿ.

ಸ್ಪ್ಯಾನರ್
ಒಪ್ಪಿದೆ. ಇಷ್ಟು ಮಾತು ನಡೆದರೂ ಯಾರೂ ನೆಲದ ಗುಂಡಿಗೆ, ಟ್ಯಾಂಕಿಗೆ ಇಳಿಯುವ ವಿಷಯ ಎತ್ತಲಿಲ್ಲ. ಒಳಗೆ ಇಳಿದವನು ಕುಸಿದ, ಎತ್ತಲು ಹೋದವನೂ ಕುಸಿದ, ಅವನ ಹಿಂದೆ ಇನ್ನೊಬ್ಬ. ಇಂಥ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಸಾಯುವವರಲ್ಲಿ ಬಹಳಷ್ಟು ಜನ ಕಾಪಾಡಲು ಹೋದವರೇ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೈಡ್ರೋಜನ್ ಸಲ್ಫೈಡ್ ಎಂದು ಎಲ್ಲರಿಗೂ ಗೊತ್ತು. ಪ್ರಮಾಣ ಹೆಚ್ಚಾದಾಗ ಅದು ಮೂಗನ್ನೇ ಮರಗಟ್ಟಿಸುತ್ತದೆ, ವಾಸನೆ ನಿಂತಿತು ಎಂದರೆ ಅನಿಲ ಹೋಯಿತು ಎಂದಲ್ಲ. ಆಮ್ಲಜನಕ ಹೊರಗಿನ ಗಾಳಿಯಲ್ಲಿ ಶೇಕಡ 20.9 ಇರುತ್ತದೆ, 19.5ಕ್ಕಿಂತ ಕಡಿಮೆಯಿದ್ದರೆ ಒಳಗೆ ಇಳಿಯುವಂತಿಲ್ಲ. ಅದನ್ನು ಮೀಟರ್ ಹೇಳಬೇಕೇ ಹೊರತು ಮೂಗಲ್ಲ. ಗೆಳೆಯ ಬಿದ್ದಿರುವುದು ಕಣ್ಣಿಗೆ ಕಾಣುತ್ತಿದ್ದರೂ ಇಳಿಯಬಾರದು, ಕೂಗಿ ಜನ ಕರೆಯಬೇಕು ಎಂಬುದನ್ನು ಮೊದಲೇ ಅಭ್ಯಾಸ ಮಾಡಿಸಿರಬೇಕು. ಆ ಹೊತ್ತಿಗೆ ಯೋಚನೆ ಕೆಲಸ ಮಾಡುವುದಿಲ್ಲ. ಇದು ಸಾಮಾನ್ಯ ಜ್ಞಾನವೇ, ಟಾರ್ಗೆಟ್ ಸಾಹೇಬರೇ?

ಟಾರ್ಗೆಟ್ ಮುಖ್ಯ
ಅದು ಬೇರೆ ವಿಷಯ, ಅದಕ್ಕೆ ತರಬೇತಿ ಬೇಕು ಎಂದು ಒಪ್ಪುತ್ತೇನೆ. ನಾನು ತರಬೇತಿಯ ವಿರೋಧಿಯಲ್ಲ. ಗಂಟೆಗಟ್ಟಲೆ ಕೂರಿಸುವುದಕ್ಕೆ ವಿರೋಧಿ.

ವಾರ್ಡ್ ನರ್ಸ್
ಗಂಟೆಗಟ್ಟಲೆ ಕೂರಿಸಿ ಎಂದು ಇಲ್ಲಿ ಯಾರು ಹೇಳಿದರು?

ಪ್ಯಾಕಿಂಗ್ ವಿಭಾಗ
ಎಲ್ಲರಿಗೂ ಧನ್ಯವಾದ. ಇವತ್ತು ಪಾಳಿ ಶುರುವಾಗುವ ಮೊದಲು ಹೊಸಬರನ್ನು ಲೈನ್ ಪಕ್ಕ ನಿಲ್ಲಿಸಿ ಒಬ್ಬೊಬ್ಬರಿಂದಲೂ ಆ ಕೆಂಪು ಹಗ್ಗ ಜಗ್ಗಿಸಿದೆ. ಒಬ್ಬಳು ಜಗ್ಗಿದಾಗ ಲೈನ್ ನಿಲ್ಲಲೇ ಇಲ್ಲ. ಆ ತುದಿಯ ಸ್ವಿಚ್ ಕೆಟ್ಟಿತ್ತು. ಎಷ್ಟು ದಿನದಿಂದ ಕೆಟ್ಟಿತ್ತೋ ಯಾರಿಗೂ ಗೊತ್ತಿಲ್ಲ. ಲೈನ್ ಓಡಿಸಲು ಬಿಡಲಿಲ್ಲ, ದುರಸ್ತಿಯಾದ ಮೇಲೆಯೇ ಶುರು ಮಾಡಿದೆವು. ಮೇಲಿನಿಂದ ಫೋನ್ ಬಂತು, ಅದು ಬೇರೆ ಕಥೆ.

ಇನ್ನೊಂದು ತೊಡಕು. ನನ್ನ ತಂಡದಲ್ಲಿ ಬೇರೆ ಬೇರೆ ಭಾಷೆಯವರಿದ್ದಾರೆ. ‘ಅರ್ಥವಾಯಿತೇ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ.

ತರಬೇತಿ ಮೇಡಂ
ಕೆಟ್ಟ ಸ್ವಿಚ್ ಸಿಕ್ಕಿದ್ದು ಆ ವಿಡಿಯೊಗಿಂತ ದೊಡ್ಡ ತರಬೇತಿ, ಶಹಬ್ಬಾಸ್!

‘ಅರ್ಥವಾಯಿತೇ’ ಎಂದು ಕೇಳಲೇಬೇಡಿ. ‘ಮಾಡಿ ತೋರಿಸು’ ಎನ್ನಿ. ಕಿವಿಯ ಪ್ಲಗ್ ಉದಾಹರಣೆಗೆ ತೆಗೆದುಕೊಳ್ಳಿ. ಬಹಳ ಜನ ಅದನ್ನು ಕಿವಿಯ ಬಾಯಿಗೆ ಒತ್ತಿಕೊಂಡು ಬಿಡುತ್ತಾರೆ. ಮೊದಲು ಎರಡು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಬೇಕು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಒಳಗೆ ತೂರಿಸಿ, ಅದು ಉಬ್ಬಿಕೊಳ್ಳುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಇದಕ್ಕೆ ಭಾಷೆ ಬೇಕಿಲ್ಲ. ಕಿವಿಯ ಹಾನಿ ಸದ್ದಿಲ್ಲದೆ ಬರುವಂಥದು. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಮಿತಿ ಎಂದು ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಶಿಫಾರಸು ಮಾಡುತ್ತದೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ ಬರೀ 2.

ಹಾಜರಿ ಹಾಳೆಯನ್ನು ಎಸೆಯಬೇಡಿ. ಅದಕ್ಕೆ ಒಂದು ಕಲಂ ಸೇರಿಸಿ: ಇವನು ಏನನ್ನು ಮಾಡಿ ತೋರಿಸಿದ, ಯಾರು ನೋಡಿದರು. ಬೇರೆ ಯಂತ್ರಕ್ಕೆ ಹಾಕಿದಾಗ ಆ ಯಂತ್ರಕ್ಕೆ ಮತ್ತೆ ಮಾಡಿಸಿ. ಸೇರಿದ ಮೊದಲ ತಿಂಗಳಲ್ಲಿ ಗಾಯದ ಸಂಭವ ಹೆಚ್ಚು. ವಯಸ್ಸಾದ ಅನುಭವಿಯಾದರೂ ಈ ಯಂತ್ರಕ್ಕೆ ಅವನು ಹೊಸಬನೇ.

ಮೂರನೇ ಪಾಳಿ
ಮೇಲಿನಿಂದ ಬಂದ ಫೋನಿನ ಕಥೆ ಹೇಳಿ, ಅದೇ ಮುಖ್ಯ.

ಪ್ಯಾಕಿಂಗ್ ವಿಭಾಗ
‘ಯಾರ ಅನುಮತಿ ಪಡೆದು ನಿಲ್ಲಿಸಿದಿರಿ’ ಎಂದು ಕೇಳಿದರು. ತುರ್ತು ನಿಲುಗಡೆ ಕೆಟ್ಟಿದ್ದರೆ ಓಡಿಸಲು ಅನುಮತಿ ಕೊಡುವವರು ಯಾರು, ಲಿಖಿತವಾಗಿ ಕಳುಹಿಸಿ ಎಂದೆ. ಲಿಖಿತವಾಗಿ ಏನೂ ಬರಲಿಲ್ಲ.

ಹಳೇ ಫೋರ್‌ಮನ್
ಬರುವುದೂ ಇಲ್ಲ. ಸೂಪರ್‌ವೈಸರ್ ತರಬೇತಿಯ ಅರ್ಧ ಭಾಗ ಇಷ್ಟೇ: ಯಾವಾಗ ನಿಲ್ಲಿಸಬಹುದು ಎಂಬುದು ನಿಮಗೂ ನಿಮ್ಮ ಮೇಲಿನವರಿಗೂ ಮೊದಲೇ ಬರಹದಲ್ಲಿ ಗೊತ್ತಿರಬೇಕು. ಸುರಕ್ಷತಾ ಸಮಿತಿ ಇದ್ದರೆ ಮುಂದಿನ ಸಭೆಯಲ್ಲಿ ಇದನ್ನೇ ಇಡಿ. ಸ್ವಿಚ್ ಕೆಟ್ಟಿದ್ದನ್ನು ಘಟನಾ ಪುಸ್ತಕದಲ್ಲಿ ಬರೆದಿರಾ?

ಪ್ಯಾಕಿಂಗ್ ವಿಭಾಗ
ಬರೆದೆ. ತೋಳು ಹರಿದದ್ದನ್ನೂ ಬರೆದೆ. ಕಾರಣದ ಕಲಂನಲ್ಲಿ ‘ರೋಲರ್‌ಗೆ ಕವಚ ಇಲ್ಲ’ ಎಂದು ಹಾಕಿದ್ದೇನೆ.

ಗುತ್ತಿಗೆಯವನು
ಒಂದು ಅನುಮಾನ. ಇವತ್ತು ಹಗ್ಗ ಜಗ್ಗಿಸಿದಿರಲ್ಲ, ಅದರಲ್ಲಿ ಗುತ್ತಿಗೆಯವರೂ ಇದ್ದರೇ? ನಮ್ಮ ಕಡೆ ‘ಅವರ ತರಬೇತಿ ಅವರ ಗುತ್ತಿಗೆದಾರನ ಹೊಣೆ’ ಎಂದು ಕೈ ತೊಳೆದುಕೊಳ್ಳುತ್ತಾರೆ.

ಪ್ಯಾಕಿಂಗ್ ವಿಭಾಗ
ಇರಲಿಲ್ಲ. ಅವರು ಲಾರಿ ಇಳಿಸುವ ಕಡೆ ಇದ್ದರು.

ತರಬೇತಿ ಮೇಡಂ
ನಾಳೆ ಅವರನ್ನೇ ಮೊದಲು ಕರೆಯಿರಿ. ಅವರ ಕೆಲಸದ ಬಗ್ಗೆ ಗುತ್ತಿಗೆದಾರ ಕಲಿಸಲಿ, ನಿಮ್ಮ ಜಾಗದ ಅಪಾಯ ನಿಮಗೆ ಮಾತ್ರ ಗೊತ್ತು, ಅದನ್ನು ನೀವೇ ಹೇಳಬೇಕು. ಲಾರಿ ಹಿಂದಕ್ಕೆ ಬರುವಾಗ ಚಾಲಕನ ಕನ್ನಡಿಯಲ್ಲಿ ಕಾಣದ ಜಾಗ ಯಾವುದು ಎಂದು ಒಬ್ಬೊಬ್ಬರನ್ನೂ ಚಾಲಕನ ಸೀಟಿನಲ್ಲಿ ಕೂರಿಸಿ ತೋರಿಸಿ. ಲಾರಿ ಆಫ್ ಇರಲಿ, ಕೀಲಿ ನಿಮ್ಮ ಹತ್ತಿರ ಇರಲಿ.

ಲೆಕ್ಕದ ಮೇಜು
ಬಾಗಿಲಿನಿಂದ ಸಿಲಿಂಡರ್ ತೆಗೆಸಿದೆ. ಗೋಡೆಯ ಕೊಕ್ಕೆ ಕಿತ್ತುಬಂದಿದೆ, ಅದನ್ನು ಹಾಕಿಸುವವರು ಯಾರು ಎಂದು ಎರಡು ವಿಭಾಗದವರು ಈಗ ಜಗಳವಾಡುತ್ತಿದ್ದಾರೆ. ಅಲ್ಲಿಯವರೆಗೆ ನನ್ನ ಮೇಜಿನ ಪಕ್ಕದಲ್ಲಿದೆ.

ಸ್ಪ್ಯಾನರ್
ಎರಡು ಸ್ಕ್ರೂ ಸಾಕು. ಕೊಕ್ಕೆಯ ಚಿತ್ರ ಹಾಕಿ, ಯಾವ ಅಳತೆಯದು ಎಂದು ಹೇಳುತ್ತೇನೆ.